ಜರ್ಮನಿಯ ಅರಸುಮನೆತನಗಳು: ಪಾಲಾದ ನಾಡುಗಳ ಕಥೆ

ಕನ್ನಡ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ ಅವರನ್ನು ನಾವು ಜರ್ಮನಿಯವರೆಂದು ಕರೆಯುತ್ತೇವೆ. ಅದು ತಪ್ಪಲ್ಲ. ಆದರೆ 1832ರಲ್ಲಿ ಅವರು ಹುಟ್ಟಿದಾಗ ಜರ್ಮನಿ ಎಂಬ ಹೆಸರಿನ ಒಂದು ರಾಜ್ಯ ಭೂಪಟದಲ್ಲಿ ಇರಲಿಲ್ಲ. ಉತ್ತರ ಸಮುದ್ರದ ದಂಡೆಯಲ್ಲಿರುವ ಪೂರ್ವ ಫ್ರೀಸಿಯ ಸೀಮೆಯ ರೆಸ್ಟರ್‌ಹಾಫೆ ಅವರ ಹುಟ್ಟೂರು. ಆ ಸೀಮೆಯನ್ನು ಬಹುಕಾಲ ಆಳಿದ ಸಿರ್ಕ್ಸೆನಾ ಮನೆತನವು 1744ರಲ್ಲಿ ಗಂಡು ಸಂತಾನವಿಲ್ಲದೆ ಮುಗಿಯಿತು. ಕೂಡಲೇ ಪ್ರಷ್ಯದ ದೊರೆ ಅದನ್ನು ತನ್ನದಾಗಿಸಿಕೊಂಡ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, 1815ರಲ್ಲಿ, ಅದು ಹ್ಯಾನೋವರ್ ರಾಜ್ಯದ ಪಾಲಾಯಿತು. ಕಿಟೆಲ್ ಹುಟ್ಟಿದಾಗ ಹ್ಯಾನೋವರಿನ ದೊರೆಯಾಗಿದ್ದವನು ಬ್ರಿಟನ್ನಿನ ದೊರೆ ನಾಲ್ಕನೆಯ ವಿಲಿಯಂ! 1866ರಲ್ಲಿ, ಕಿಟೆಲ್ ಕನ್ನಡ ನಾಡಿನಲ್ಲಿದ್ದಾಗಲೇ, ಹ್ಯಾನೋವರ್ ರಾಜ್ಯ ಅಳಿದು ಪ್ರಷ್ಯದ ಒಂದು ಪ್ರಾಂತವಾಯಿತು. 1903ರಲ್ಲಿ ಅವರು ತೀರಿಕೊಂಡ ಟ್ಯೂಬಿಂಗೆನ್ ಪಟ್ಟಣ ಇನ್ನೊಂದು ಅರಸುಮನೆತನ ಆಳುತ್ತಿದ್ದ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿತ್ತು.

ಇಷ್ಟೆಲ್ಲ ನಡೆದರೂ ರೆಸ್ಟರ್‌ಹಾಫೆ ಇದ್ದಲ್ಲಿಂದ ಕದಲಲಿಲ್ಲ. ಅಲ್ಲಿನ ರೈತರು ಅದೇ ಹೊಲ ಉಳುತ್ತಿದ್ದರು. ಒಡೆಯರು ಮಾತ್ರ ಬದಲಾಗುತ್ತ ಹೋದರು. ಹೀಗೆ ಬದಲಾದದ್ದಕ್ಕೆ ಕಾರಣ ಕೆಲವೊಮ್ಮೆ ಯುದ್ಧ. ಆದರೆ ಜರ್ಮನ್ ನಾಡುಗಳ ಚರಿತ್ರೆಯಲ್ಲಿ ಅನೇಕ ಸಲ ಕಾರಣವಾದದ್ದು ಒಂದು ಮನೆಯಲ್ಲಿ ಗಂಡುಮಗು ಹುಟ್ಟದೆ ಹೋದದ್ದು, ಒಂದು ಮದುವೆ, ಅಥವಾ ಅಣ್ಣತಮ್ಮಂದಿರು ಬರೆಸಿಕೊಂಡ ಒಂದು ಪಾಲುಪತ್ರ.

ಯುರೋಪಿನ ಚರಿತ್ರೆಯನ್ನು ಕುರಿತು ತೆರೆಯ ಮೇಲೆ ಮಾತುಕತೆ ನಡೆಯುವಾಗ ಹ್ಯಾಬ್ಸ್‌ಬರ್ಗ್, ಹೊಹೆನ್‌ಜೊಲರ್ನ್, ವಿಟೆಲ್ಸ್‌ಬಾಖ್, ವೆಟ್ಟಿನ್, ವೆಲ್ಫ್ ಎಂಬ ಹೆಸರುಗಳು ಒಂದರ ಹಿಂದೊಂದು ಬಂದು ವೀಕ್ಷಕರಿಗೆ ಗೊಂದಲವಾಗುವುದುಂಟು. ಈ ಮನೆತನಗಳ ವಂಶಾವಳಿಯನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾರಿ ಸುಗಮವಾಗುತ್ತದೆ. ಅರಸ ಸತ್ತರೆ ಅವನ ನಾಡು ಯಾರಿಗೆ ಸೇರಬೇಕು? ಎಲ್ಲ ಗಂಡುಮಕ್ಕಳಿಗೋ, ಹಿರಿಯ ಮಗನೊಬ್ಬನಿಗೋ, ಮಗಳಿಗೂ ಹಕ್ಕುಂಟೋ? ಈ ಪ್ರಶ್ನೆಗೆ ಬೇರೆ ಬೇರೆ ಮನೆತನಗಳು ಕೊಟ್ಟ ಉತ್ತರಗಳೇ ಜರ್ಮನಿಯ ಭೂಪಟವನ್ನು ಬರೆದವು.

ಚಕ್ರವರ್ತಿ ಒಬ್ಬ, ಅರಸರು ನೂರಾರು

ಮೊದಲಿಗೆ ಚೌಕಟ್ಟನ್ನು ತಿಳಿದುಕೊಳ್ಳೋಣ. 962ರಲ್ಲಿ ಒಂದನೆಯ ಆಟೊ ರೋಮಿನಲ್ಲಿ ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಅಲ್ಲಿಂದ 1806ರವರೆಗೆ ಜರ್ಮನ್ ನಾಡುಗಳೆಲ್ಲ ಒಂದು ಚಕ್ರಾಧಿಪತ್ಯದ ಕೆಳಗಿದ್ದವು. ಅದನ್ನು ಪವಿತ್ರ ರೋಮನ್ ಚಕ್ರಾಧಿಪತ್ಯ ಎಂದು ಕರೆಯುವುದು ರೂಢಿ. ಆದರೆ ಈ ಚಕ್ರವರ್ತಿ ಪದವಿ ತಂದೆಯಿಂದ ಮಗನಿಗೆ ತಾನಾಗಿ ಬರುವಂಥದ್ದಲ್ಲ. ಅದು ಚುನಾವಣೆಯಿಂದ ಬರುವ ಪದವಿ. 1356ರಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಹೊರಡಿಸಿದ ‘ಸುವರ್ಣ ಶಾಸನ’ವು ಚುನಾಯಿಸುವ ಹಕ್ಕನ್ನು ಏಳು ಮಂದಿಗೆ ಕಟ್ಟಿಕೊಟ್ಟಿತು. ಅವರಲ್ಲಿ ಮೈನ್ಸ್, ಕೊಲೋನ್, ಟ್ರಿಯರ್ ನಗರಗಳ ಮೂವರು ಆರ್ಚ್‌ಬಿಷಪ್ಪರು. ಉಳಿದವರು ಬೊಹೀಮಿಯದ ದೊರೆ, ರೈನ್ ನದಿಯ ದಂಡೆಯ ಪೆಲಟಿನೇಟ್ ಸೀಮೆಯ ಒಡೆಯ, ಸ್ಯಾಕ್ಸನಿಯ ಡ್ಯೂಕ್ ಮತ್ತು ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್. ಈ ಏಳು ಮಂದಿಯನ್ನು ಇಲೆಕ್ಟರ್‌ಗಳೆಂದು ಕರೆಯುತ್ತಾರೆ.

ಇವರ ಕೆಳಗೆ ಡ್ಯೂಕರು, ಗಡಿಸೀಮೆಯ ಅಧಿಕಾರಿಗಳಾಗಿ ಹುಟ್ಟಿಕೊಂಡ ಮಾರ್ಗ್ರೇವರು, ಲಾಂಡ್‌ಗ್ರೇವರು, ಪ್ರಿನ್ಸ್‌ಗಳು, ಕೌಂಟರು, ಬಿಷಪ್ಪರು, ಮಠಾಧಿಪತಿಗಳು, ಸ್ವತಂತ್ರ ನಗರಗಳು ಇದ್ದವು. ಹದಿನೆಂಟನೆಯ ಶತಮಾನದ ಕೊನೆಗೆ ಇಂಥ ಸಂಸ್ಥಾನಗಳ ಸಂಖ್ಯೆ ಮುನ್ನೂರರಷ್ಟಿತ್ತು. ಕೆಲವೇ ಹಳ್ಳಿಗಳ ಒಡೆತನವುಳ್ಳ, ಚಕ್ರವರ್ತಿಯೊಬ್ಬನಿಗೆ ಮಾತ್ರ ತಲೆಬಾಗುವ ನೈಟ್‌ಗಳನ್ನು ಸೇರಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ಹ್ಯಾಬ್ಸ್‌ಬರ್ಗ್ ಮನೆತನ ಚುನಾವಣೆಯ ಈ ವ್ಯವಸ್ಥೆಯೊಳಗೇ ಪದವಿಯನ್ನು ಹೆಚ್ಚುಕಡಿಮೆ ಮನೆಯ ಸೊತ್ತಾಗಿ ಮಾಡಿಕೊಂಡಿತು. ಈಗಿನ ಸ್ವಿಟ್ಜರ್ಲೆಂಡಿನಲ್ಲಿರುವ ಒಂದು ಕೋಟೆಯ ಹೆಸರಿನಿಂದ ಬಂದ ಈ ಮನೆತನದ ರುಡಾಲ್ಫ್ 1273ರಲ್ಲಿ ದೊರೆಯಾಗಿ ಆಯ್ಕೆಯಾದ. 1282ರಲ್ಲಿ ಆಸ್ಟ್ರಿಯವನ್ನು ತನ್ನ ಮಕ್ಕಳಿಗೆ ಕೊಡಿಸಿದ. 1438ರಿಂದ 1740ರವರೆಗೆ, ಮೂರು ಶತಮಾನ, ಆಯ್ಕೆಯಾದವರೆಲ್ಲ ಈ ಮನೆಯವರೇ.

ಅಣ್ಣತಮ್ಮಂದಿರ ಪಾಲು

ಮಧ್ಯಯುಗದ ಜರ್ಮನ್ ಅರಸನ ದೃಷ್ಟಿಯಲ್ಲಿ ನಾಡು ಎಂಬುದು ಪಿತ್ರಾರ್ಜಿತ ಆಸ್ತಿ. ಹೊಲ, ಮನೆ, ಕಾಡು, ಸುಂಕದ ಕಟ್ಟೆ ಹೇಗೋ ಹಾಗೆಯೇ ಅಲ್ಲಿನ ಜನ, ಅವರು ಕೊಡುವ ಕಂದಾಯ, ಅವರ ವ್ಯಾಜ್ಯ ತೀರಿಸುವ ಅಧಿಕಾರ. ಆಸ್ತಿಯೆಂದ ಮೇಲೆ ಎಲ್ಲ ಗಂಡುಮಕ್ಕಳಿಗೂ ಅದರಲ್ಲಿ ಪಾಲುಂಟು. ಒಬ್ಬನಿಗೆ ಕೊಟ್ಟು ಉಳಿದವರನ್ನು ಬರಿಗೈಯಲ್ಲಿ ಕಳಿಸುವುದು ಅನ್ಯಾಯ ಎಂದೇ ಅನೇಕ ತಂದೆಯರು ತಿಳಿದಿದ್ದರು.

ಇದರ ಫಲವನ್ನು ಬವೇರಿಯದಲ್ಲಿ ನೋಡಬಹುದು. 1180ರಲ್ಲಿ ವಿಟೆಲ್ಸ್‌ಬಾಖ್ ಮನೆತನಕ್ಕೆ ಬವೇರಿಯ ದೊರೆಯಿತು. 1918ರವರೆಗೆ ಅದು ಅವರ ಕೈಯಲ್ಲೇ ಇತ್ತು. ಆದರೆ ನಡುವೆ ಅದೆಷ್ಟು ಪಾಲುಗಳು! 1329ರ ಒಪ್ಪಂದದಲ್ಲಿ ಪೆಲಟಿನೇಟ್ ಒಂದು ಶಾಖೆಗೆ, ಬವೇರಿಯ ಇನ್ನೊಂದಕ್ಕೆ ಹೋಯಿತು. 1392ರಲ್ಲಿ ಬವೇರಿಯವೇ ಮ್ಯೂನಿಕ್, ಲಾಂಡ್ಸ್‌ಹೂಟ್, ಇಂಗೋಲ್‌ಸ್ಟಾಟ್ ಎಂದು ಒಡೆಯಿತು. ಸ್ಟ್ರಾಬಿಂಗ್ ಅದಕ್ಕೂ ಮೊದಲೇ ಬೇರೆಯಾಗಿತ್ತು. ಒಂದೊಂದು ಶಾಖೆ ನಿಂತುಹೋದಾಗಲೂ ಉಳಿದ ದಾಯಾದಿಗಳು ಅದರ ಮೇಲೆ ಕಣ್ಣು ಹಾಕುತ್ತಿದ್ದರು. ಲಾಂಡ್ಸ್‌ಹೂಟಿನ ಶಾಖೆ ಗಂಡು ಸಂತಾನವಿಲ್ಲದೆ ಕೊನೆಗೊಂಡಾಗ 1504-05ರಲ್ಲಿ ದೊಡ್ಡ ಯುದ್ಧವೇ ನಡೆದು ಊರುಗಳು ಸುಟ್ಟುಹೋದವು.

ಹೆಸ್ಸೆ ನಾಡಿನ ಲಾಂಡ್‌ಗ್ರೇವ್ ಫಿಲಿಪ್ 1567ರಲ್ಲಿ ತೀರಿಕೊಂಡಾಗ ಅವನ ನಾಲ್ವರು ಮಕ್ಕಳಿಗೆ ನಾಲ್ಕು ಭಾಗವಾಯಿತು. ಕಾಸೆಲ್, ಮಾರ್‌ಬರ್ಗ್, ರೈನ್‌ಫೆಲ್ಸ್ ಮತ್ತು ಡಾರ್ಮ್‌ಸ್ಟಾಟ್. ಅಲ್ಲಿಯವರೆಗೆ ಚಕ್ರವರ್ತಿಯನ್ನೇ ಎದುರಿಸಬಲ್ಲ ಶಕ್ತಿಯಿದ್ದ ನಾಡು ಮಧ್ಯಮ ಗಾತ್ರದ ತುಂಡುಗಳಾಯಿತು.

ಪಾಲಿನ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದವರು ಸ್ಯಾಕ್ಸನಿಯ ವೆಟ್ಟಿನ್ ಮನೆತನದವರು. 1423ರಲ್ಲಿ ಇಲೆಕ್ಟರ್ ಪದವಿ ಪಡೆದ ಈ ಮನೆತನ 1485ರಲ್ಲಿ ಲೈಪ್‌ಜಿಗ್‌ನಲ್ಲಿ ಇಬ್ಭಾಗವಾಯಿತು. ಅಣ್ಣ ಎರ್ನ್‌ಸ್ಟ್‌ನ ಶಾಖೆ, ತಮ್ಮ ಆಲ್‌ಬ್ರೆಕ್ಟ್‌ನ ಶಾಖೆ ಎಂದು ಎರಡಾದ ಮೇಲೆ ಅವು ಮತ್ತೆ ಒಂದಾಗಲೇ ಇಲ್ಲ. ಮಾರ್ಟಿನ್ ಲೂಥರ್‌ಗೆ ಆಶ್ರಯ ಕೊಟ್ಟದ್ದು ಹಿರಿಯ ಶಾಖೆ. 1547ರಲ್ಲಿ ಚಕ್ರವರ್ತಿಯೊಡನೆ ಯುದ್ಧದಲ್ಲಿ ಸೋತು ಅದು ಇಲೆಕ್ಟರ್ ಪದವಿಯನ್ನೂ ನಾಡಿನ ದೊಡ್ಡ ಭಾಗವನ್ನೂ ಕಳೆದುಕೊಂಡಿತು. ಲಾಭ ಪಡೆದವನು ಯಾರು? ಚಕ್ರವರ್ತಿಯ ಪಕ್ಷ ಸೇರಿದ್ದ ಕಿರಿಯ ಶಾಖೆಯ ದಾಯಾದಿ ಮೋರಿಟ್ಸ್.

ಅಷ್ಟಾದರೂ ಹಿರಿಯ ಶಾಖೆಯವರು ಪಾಲು ಮಾಡುವುದನ್ನು ಬಿಡಲಿಲ್ಲ. ಗೋಥಾದ ಡ್ಯೂಕ್ ಎರ್ನ್‌ಸ್ಟ್ ಒಳ್ಳೆಯ ಆಡಳಿತಗಾರನೆಂದು ಹೆಸರಾಗಿದ್ದವನು. ಮಕ್ಕಳ ಶಿಕ್ಷಣವನ್ನು ಕಡ್ಡಾಯ ಮಾಡಿದವರಲ್ಲಿ ಮೊದಲಿಗ. 1675ರಲ್ಲಿ ಅವನು ಸತ್ತಾಗ ಏಳು ಗಂಡುಮಕ್ಕಳಿದ್ದರು. 1680ರಲ್ಲಿ ಆ ಪುಟ್ಟ ನಾಡು ಗೋಥಾ, ಕೋಬರ್ಗ್, ಮೈನಿಂಗೆನ್, ರೋಮ್‌ಹಿಲ್ಡ್, ಐಸೆನ್‌ಬರ್ಗ್, ಹಿಲ್ಡ್‌ಬರ್ಗ್‌ಹೌಸೆನ್, ಸಾಲ್‌ಫೆಲ್ಡ್ ಎಂದು ಏಳಾಯಿತು. ಏಳು ಅರಮನೆ, ಏಳು ದರ್ಬಾರು, ಏಳು ಖಜಾನೆ. ತಂದೆ ಒಂದು ಆಡಳಿತವನ್ನು ಕಟ್ಟಿದ್ದ. ಮಕ್ಕಳು ಅದನ್ನು ಆಸ್ತಿಯಂತೆ ಹಂಚಿಕೊಂಡರು.

ಇವರ ನೆರೆಯಲ್ಲಿದ್ದ ರಾಯ್ಸ್ ಮನೆತನದ ಸಂಗತಿ ಇನ್ನೂ ಸ್ವಾರಸ್ಯಕರ. ಆ ಮನೆಯ ಗಂಡುಮಕ್ಕಳೆಲ್ಲರ ಹೆಸರೂ ಹೈನ್‌ರಿಕ್. ಗುರುತಿಗೆ ಅಂಕಿ. ಹಿರಿಯ ಶಾಖೆಯಲ್ಲಿ ನೂರು ಮುಟ್ಟುವವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವುದು ಪದ್ಧತಿ. ಕಿರಿಯ ಶಾಖೆಯಲ್ಲಿ ಹೊಸ ಶತಮಾನ ಬಂದಾಗ ಹೊಸ ಎಣಿಕೆ. ಆಳದೆ ಸತ್ತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಿದ್ದರು. ಹೀಗಾಗಿ ಆ ಹಿರಿಯ ಶಾಖೆಯ ಕೊನೆಯ ಅರಸ ಇಪ್ಪತ್ತನಾಲ್ಕನೆಯ ಹೈನ್‌ರಿಕ್. ಅವನ ರಾಜ್ಯದ ವಿಸ್ತೀರ್ಣ ಮುನ್ನೂರು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಪಾಲಿನ ಬೆಲೆ ತೆತ್ತವರು

ಅರಸರ ಮನೆಯ ಈ ಲೆಕ್ಕಾಚಾರ ಪ್ರಜೆಗಳ ಬದುಕಿನಲ್ಲಿ ಏನು ಮಾಡಿತು ಎಂಬುದು ಮುಖ್ಯ.

ಮೊದಲನೆಯದು ಧರ್ಮ. 1555ರ ಆಗ್ಸ್‌ಬರ್ಗ್ ಒಪ್ಪಂದದ ಪ್ರಕಾರ ನಾಡಿನ ಒಡೆಯ ಯಾವ ಪಂಥವನ್ನು ಒಪ್ಪುತ್ತಾನೋ ಅದೇ ನಾಡಿನ ಪಂಥ. ಒಪ್ಪದವರು ಆಸ್ತಿ ಮಾರಿ ಬೇರೆ ನಾಡಿಗೆ ಹೋಗಬಹುದು. ಪೆಲಟಿನೇಟಿನ ಜನರ ಪಾಡನ್ನು ನೋಡಿ. 1556ರಲ್ಲಿ ಅವರ ಒಡೆಯ ಲೂಥರ್‌ನ ಪಂಥವನ್ನು ಜಾರಿಗೆ ತಂದ. ಅವನಿಗೆ ಮಕ್ಕಳಿರಲಿಲ್ಲ. ಅವನ ಉತ್ತರಾಧಿಕಾರಿ ಜಾನ್ ಕ್ಯಾಲ್ವಿನ್‌ನ ಪಂಥಕ್ಕೆ ನಾಡನ್ನು ತಿರುಗಿಸಿದ. 1576ರಲ್ಲಿ ಅವನ ಮಗ ಪಟ್ಟಕ್ಕೆ ಬಂದು ಮತ್ತೆ ಲೂಥರ್‌ನ ಪಂಥ ಎಂದ. 1583ರಲ್ಲಿ ಆ ಮಗ ಸತ್ತ. ಅವನ ತಮ್ಮ ಅಧಿಕಾರ ವಹಿಸಿಕೊಂಡು ಮತ್ತೆ ಕ್ಯಾಲ್ವಿನ್‌ನ ಪಂಥ ಎಂದ. ಮೂವತ್ತು ವರ್ಷದೊಳಗೆ ನಾಲ್ಕು ಸಲ ಪೂಜಾವಿಧಿ ಬದಲಾಯಿತು. ಪ್ರತಿ ಸಲವೂ ಪಾದ್ರಿಗಳು, ಉಪಾಧ್ಯಾಯರು ಕೆಲಸ ಕಳೆದುಕೊಂಡು ಊರು ಬಿಟ್ಟರು. 1685ರಲ್ಲಿ ಆ ಶಾಖೆ ನಿಂತುಹೋಗಿ ಕ್ಯಾಥೊಲಿಕ್ ಶಾಖೆಯೊಂದು ಬಂದಾಗ ಪ್ರಜೆಗಳು ಮತ್ತೊಮ್ಮೆ ಆತಂಕದಿಂದ ಅರಮನೆಯ ಕಡೆ ನೋಡಬೇಕಾಯಿತು.

ಎರಡನೆಯದು ಹಣ. ಚಿಕ್ಕ ನಾಡಿನ ಅರಸನಿಗೂ ದೊಡ್ಡ ಅರಸನ ಹಾಗೆ ಅರಮನೆ, ಬೇಟೆಯ ಕಾಡು, ಸೈನ್ಯ ಬೇಕು. ಖಜಾನೆ ಸಾಲದಿದ್ದರೆ ಸೈನಿಕರನ್ನೇ ಬಾಡಿಗೆಗೆ ಕೊಡುವುದು ಒಂದು ದಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಸುಮಾರು 30,000 ಜರ್ಮನ್ ಸೈನಿಕರು ಕಾದಾಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಸ್ಸೆ-ಕಾಸೆಲ್ ಒಂದೇ ಸಂಸ್ಥಾನದವರು. ಹಣ ಸೇರಿದ್ದು ಲಾಂಡ್‌ಗ್ರೇವ್‌ನ ಖಜಾನೆಗೆ. ಅದೇ ಕಾಲದಲ್ಲಿ ಹ್ಯಾನೋವರಿನ ಎರಡು ರೆಜಿಮೆಂಟುಗಳು 1782ರಲ್ಲಿ ಮದರಾಸಿಗೆ ಬಂದಿಳಿದವು. ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್ ಹ್ಯಾನೋವರಿನ ಇಲೆಕ್ಟರನೂ ಆಗಿದ್ದುದರಿಂದ ಅವನ್ನು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಕಳುಹಿಸಿದ್ದ. 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರ ಮತ್ತು ಅವರ ಜೊತೆಗಿದ್ದ ಮೈಸೂರಿನ ಪಡೆಯ ಎದುರು ಈ ಜರ್ಮನ್ ರೈತರ ಮಕ್ಕಳು ಹೋರಾಡಿದರು. ಅವರ ಊರಿಗೂ ಮೈಸೂರಿಗೂ ಯಾವ ಜಗಳವೂ ಇರಲಿಲ್ಲ.

ಮೂರನೆಯದು ಇನ್ನೂ ವಿಚಿತ್ರ. 1777ರಲ್ಲಿ ಬವೇರಿಯದ ಶಾಖೆ ನಿಂತುಹೋಯಿತು. ಪೆಲಟಿನೇಟಿನ ದಾಯಾದಿ ಕಾರ್ಲ್ ಥಿಯೊಡೋರ್‌ಗೆ ಆ ನಾಡು ಬಂತು. ಅವನಿಗೆ ಬವೇರಿಯದ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಆಸ್ಟ್ರಿಯಕ್ಕೆ ಅದನ್ನು ಕೊಟ್ಟು ಈಗಿನ ಬೆಲ್ಜಿಯಂ ಸೀಮೆಯನ್ನು ಪಡೆಯುವ ಮಾತುಕತೆಗೆ ಅವನು ಸಿದ್ಧನಾಗಿದ್ದ. ಒಂದು ನಾಡಿನ ಪ್ರಜೆಗಳನ್ನೆಲ್ಲ ಇನ್ನೊಂದು ನಾಡಿನ ಪ್ರಜೆಗಳೊಡನೆ ಬದಲಾಯಿಸಿಕೊಳ್ಳುವ ವ್ಯಾಪಾರ ಇದು. ಆಸ್ಟ್ರಿಯ ಬಲಿಯುವುದನ್ನು ಸಹಿಸದ ಪ್ರಷ್ಯ 1778-79ರಲ್ಲಿ ಯುದ್ಧಕ್ಕೆ ಇಳಿಯಿತು. ದೊಡ್ಡ ಕಾಳಗ ನಡೆಯಲಿಲ್ಲ. ಸೈನಿಕರು ಹೊಟ್ಟೆಗಾಗಿ ಹೊಲ ಅಗೆದು ಕಾಲ ಕಳೆದರು. ಜನ ಅದಕ್ಕೆ ‘ಆಲೂಗಡ್ಡೆ ಯುದ್ಧ’ ಎಂದು ಹೆಸರಿಟ್ಟರು. ಬೆಳೆ ಹೋದದ್ದು ಮಾತ್ರ ರೈತನದು.

ಈ ಪಾಲುಗಳಿಂದ ಒಳ್ಳೆಯದೇನೂ ಆಗಲಿಲ್ಲವೆ? ಆಯಿತು. ಪ್ರತಿ ಪುಟ್ಟ ರಾಜಧಾನಿಗೂ ನಾಟಕಶಾಲೆ, ವಾದ್ಯಗೋಷ್ಠಿ, ಗ್ರಂಥಭಂಡಾರ ಬೇಕಾಗಿದ್ದವು. ಸಂಗೀತಗಾರ ಬಾಖ್ ವೈಮಾರ್ ಮತ್ತು ಕೋಥೆನ್ ಎಂಬ ಚಿಕ್ಕ ಆಸ್ಥಾನಗಳಲ್ಲಿ ಕೆಲಸ ಮಾಡಿದವನು. ಕವಿ ಗಯಟೆ 1775ರಲ್ಲಿ ವೈಮಾರಿಗೆ ಬಂದು ನೆಲೆಸಿದ್ದು ಅಲ್ಲಿನ ಯುವ ಡ್ಯೂಕ್‌ನ ಆಹ್ವಾನದ ಮೇಲೆ. ಮೈನಿಂಗೆನ್ ಡ್ಯೂಕ್‌ನ ನಾಟಕ ಮಂಡಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ರಂಗಭೂಮಿಗೇ ಮಾದರಿಯಾಯಿತು. ಇಂದಿಗೂ ಜರ್ಮನಿಯ ಸಣ್ಣ ಪಟ್ಟಣಗಳಲ್ಲಿ ಸುಸಜ್ಜಿತ ರಂಗಮಂದಿರಗಳು ಇರುವುದಕ್ಕೆ ಈ ಹಳೆಯ ಆಸ್ಥಾನಗಳೂ ಒಂದು ಕಾರಣ.

ಹಿರಿಯನಿಗೇ ಎಲ್ಲ

ಪಾಲಿನಿಂದ ನಾಡು ಕ್ಷೀಣಿಸುವುದನ್ನು ಕಂಡು ಕೆಲವು ಮನೆತನಗಳು ಬೇಗ ಎಚ್ಚೆತ್ತವು. ಸುವರ್ಣ ಶಾಸನವೇ 1356ರಲ್ಲಿ ಇಲೆಕ್ಟರ್ ಪದವಿಗೆ ಸೇರಿದ ನೆಲವನ್ನು ಒಡೆಯಬಾರದು, ಅದು ಹಿರಿಯ ಮಗನಿಗೇ ಸೇರಬೇಕು ಎಂದು ವಿಧಿಸಿತ್ತು. ಏಕೆಂದರೆ ಒಂದು ಮತವನ್ನು ನಾಲ್ಕು ತುಂಡು ಮಾಡಲಾಗದು. 1473ರಲ್ಲಿ ಬ್ರಾಂಡೆನ್‌ಬರ್ಗಿನ ಹೊಹೆನ್‌ಜೊಲರ್ನ್ ಮನೆತನದ ಆಲ್‌ಬ್ರೆಕ್ಟ್, ಬ್ರಾಂಡೆನ್‌ಬರ್ಗ್ ಇಡಿಯಾಗಿ ಹಿರಿಯ ಮಗನಿಗೆ, ದಕ್ಷಿಣದ ಫ್ರಾಂಕೋನಿಯದ ಸೀಮೆಗಳು ಮಾತ್ರ ಕಿರಿಯರಿಗೆ ಎಂದು ಕಟ್ಟಳೆ ಮಾಡಿದ. ಯುದ್ಧದಿಂದ ಪಾಠ ಕಲಿತ ಬವೇರಿಯ 1506ರಲ್ಲಿ ಜ್ಯೇಷ್ಠಾಧಿಕಾರವನ್ನು ಒಪ್ಪಿತು.

ವ್ಯೂರ್ಟೆಂಬರ್ಗಿನ ಉದಾಹರಣೆ ಬೇರೆ ಬಗೆಯದು. ಅಲ್ಲಿ 1482ರಲ್ಲಿ ಎರಡಾಗಿದ್ದ ನಾಡನ್ನು ಒಂದುಗೂಡಿಸಿ ಇನ್ನು ಮುಂದೆ ಒಡೆಯಬಾರದೆಂದು ಒಪ್ಪಂದವಾಯಿತು. 1514ರಲ್ಲಿ ಸಾಲದಲ್ಲಿ ಮುಳುಗಿದ್ದ ಡ್ಯೂಕ್‌ನ ಸಾಲವನ್ನು ತೀರಿಸಲು ನಾಡಿನ ಪ್ರತಿನಿಧಿ ಸಭೆ ಒಪ್ಪಿಕೊಂಡಿತು. ಬದಲಿಗೆ ಕೆಲವು ಹಕ್ಕುಗಳನ್ನು ಬರೆಸಿಕೊಂಡಿತು. ವಿಚಾರಣೆಯಿಲ್ಲದೆ ಶಿಕ್ಷೆ ಕೊಡಬಾರದು, ನಾಡು ಬಿಟ್ಟು ಹೋಗುವವರನ್ನು ತಡೆಯಬಾರದು, ಸಭೆಯ ಒಪ್ಪಿಗೆಯಿಲ್ಲದೆ ನಾಡಿನ ಯಾವ ಭಾಗವನ್ನೂ ಪರಭಾರೆ ಮಾಡಬಾರದು. ನಾಡು ಅರಸನ ಸ್ವಂತ ಆಸ್ತಿಯಲ್ಲ ಎಂಬ ಮಾತು ಇಲ್ಲಿ ಕಾಗದದ ಮೇಲೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಈ ವ್ಯೂರ್ಟೆಂಬರ್ಗಿನವರೇ.

ಹೊಸ ಕಟ್ಟಳೆಯನ್ನು ಕಿರಿಯ ಮಕ್ಕಳು ಸುಮ್ಮನೆ ಒಪ್ಪಲಿಲ್ಲ. ವೆಲ್ಫ್ ಮನೆತನದ ಎರ್ನ್‌ಸ್ಟ್ ಆಗಸ್ಟ್ 1680ರ ದಶಕದಲ್ಲಿ ಹ್ಯಾನೋವರಿಗೆ ಜ್ಯೇಷ್ಠಾಧಿಕಾರವನ್ನು ತಂದಾಗ ಅವನ ಸ್ವಂತ ಮಕ್ಕಳೇ ತಿರುಗಿಬಿದ್ದರು. ಒಬ್ಬ ಮಗ ಹೂಡಿದ ಪಿತೂರಿ 1691ರಲ್ಲಿ ಬಯಲಾಯಿತು. ಆದರೆ ತಂದೆ ಹಟ ಬಿಡಲಿಲ್ಲ. ಮರುವರ್ಷವೇ ಇಲೆಕ್ಟರ್ ಪದವಿ ಪಡೆದ. ಅವನ ಹಿರಿಯ ಮಗ ಜಾರ್ಜ್, ತಾಯಿಯ ಕಡೆಯ ಸಂಬಂಧದಿಂದ 1714ರಲ್ಲಿ ಬ್ರಿಟನ್ನಿನ ಸಿಂಹಾಸನವನ್ನೂ ಏರಿದ. ಪ್ರಷ್ಯದಲ್ಲಿ 1688ರಲ್ಲಿ ತೀರಿಕೊಂಡ ಇಲೆಕ್ಟರ್ ತನ್ನ ಕಿರಿಯ ಮಕ್ಕಳಿಗೆ ಸೀಮೆಗಳನ್ನು ಬಿಟ್ಟುಕೊಡುವಂತೆ ಉಯಿಲು ಬರೆದಿದ್ದ. ಹಿರಿಯ ಮಗ ಫ್ರೀಡ್‌ರಿಕ್ ಆ ಉಯಿಲನ್ನು ಬದಿಗಿಟ್ಟು ತಮ್ಮಂದಿರನ್ನು ಬೇರೆ ರೀತಿಯಲ್ಲಿ ಸಮಾಧಾನಪಡಿಸಿದ. ಹದಿಮೂರು ವರ್ಷಗಳ ನಂತರ, 1701ರಲ್ಲಿ, ಅವನೇ ಪ್ರಷ್ಯದ ಮೊದಲ ದೊರೆಯಾದ. ಅಂದು ತಂದೆಯ ಉಯಿಲು ಜಾರಿಯಾಗಿದ್ದರೆ ಮುಂದೆ ಜರ್ಮನಿಯನ್ನು ಒಂದುಗೂಡಿಸಿದ ಪ್ರಷ್ಯ ಅಷ್ಟು ಬಲವಾಗಿ ಇರುತ್ತಿತ್ತೆ ಎಂಬುದು ಸಂದೇಹ.

ಮಗಳ ಹಕ್ಕು, ಮದುವೆಯ ಕಟ್ಟಳೆ

ಗಂಡುಮಕ್ಕಳಿಲ್ಲದಾಗ ಏನು ಮಾಡುವುದು? ಹ್ಯಾಬ್ಸ್‌ಬರ್ಗ್ ಚಕ್ರವರ್ತಿ ಆರನೆಯ ಚಾರ್ಲ್ಸ್ 1713ರಲ್ಲಿ ತನ್ನ ನಾಡುಗಳೆಲ್ಲ ಅಖಂಡವಾಗಿ ಉಳಿಯಬೇಕು, ಮಗನಿಲ್ಲದಿದ್ದರೆ ಮಗಳಿಗೆ ಸೇರಬೇಕು ಎಂದು ಶಾಸನ ಮಾಡಿದ. ಉಳಿದ ಅರಸರಿಂದ ಒಪ್ಪಿಗೆ ಪಡೆಯುವುದರಲ್ಲೇ ಜೀವಮಾನ ಕಳೆದ. 1740ರಲ್ಲಿ ಅವನು ಕಣ್ಣು ಮುಚ್ಚಿದ. ವರ್ಷ ಮುಗಿಯುವ ಮೊದಲೇ ಪ್ರಷ್ಯದ ಎರಡನೆಯ ಫ್ರೀಡ್‌ರಿಕ್ ಸೈಲೀಸಿಯಕ್ಕೆ ಸೈನ್ಯ ನುಗ್ಗಿಸಿದ. ಇಪ್ಪತ್ತಮೂರು ವರ್ಷದ ಮಗಳು ಮರಿಯಾ ತೆರೇಸಾ ಎಂಟು ವರ್ಷ ಯುದ್ಧ ಮಾಡಿ, ಸೈಲೀಸಿಯ ಕಳೆದುಕೊಂಡರೂ ಉಳಿದ ಬಹುತೇಕ ನಾಡುಗಳನ್ನು ಉಳಿಸಿಕೊಂಡಳು.

ಹ್ಯಾನೋವರಿನಲ್ಲಿ ಗಂಡು ವಾರಸುದಾರ ಇರುವವರೆಗೆ ಹೆಣ್ಣಿಗೆ ಪಟ್ಟವಿಲ್ಲ. 1837ರಲ್ಲಿ ನಾಲ್ಕನೆಯ ವಿಲಿಯಂ ತೀರಿಕೊಂಡಾಗ ಬ್ರಿಟನ್ನಿನ ಕಿರೀಟ ಅವನ ತಮ್ಮನ ಮಗಳಾದ ವಿಕ್ಟೋರಿಯಾಗೆ ಹೋಯಿತು; ಹ್ಯಾನೋವರಿನ ಕಿರೀಟ ಅವಳ ಚಿಕ್ಕಪ್ಪ ಎರ್ನ್‌ಸ್ಟ್ ಆಗಸ್ಟ್‌ಗೆ ಹೋಯಿತು. 123 ವರ್ಷಗಳ ನಂಟು ಒಂದು ದಿನದಲ್ಲಿ ಕಳಚಿತು.

ಮದುವೆಗೂ ಕಟ್ಟಳೆಯಿತ್ತು. ಆಳುವ ಮನೆಯವರು ಸಮಾನ ಅಂತಸ್ತಿನ ಮನೆಯಿಂದಲೇ ಹೆಣ್ಣು ತರಬೇಕು. ಇಲ್ಲವಾದರೆ ಅದು ‘ಎಡಗೈ ಮದುವೆ’. ವರ ಎಡಗೈ ಹಿಡಿಸಿ ಮಾಡಿಕೊಳ್ಳುವ ಆ ಮದುವೆ ಧರ್ಮಸಮ್ಮತವೇ. ಆದರೆ ಹುಟ್ಟಿದ ಮಕ್ಕಳಿಗೆ ಪಟ್ಟದ ಹಕ್ಕಿಲ್ಲ. 1851ರಲ್ಲಿ ಹೆಸ್ಸೆಯ ರಾಜಕುಮಾರ ಅಲೆಕ್ಸಾಂಡರ್ ಹೀಗೆ ಕೆಳ ಅಂತಸ್ತಿನ ಹೆಣ್ಣನ್ನು ಮದುವೆಯಾದಾಗ ಮಕ್ಕಳಿಗೆ ಬ್ಯಾಟನ್‌ಬರ್ಗ್ ಎಂಬ ಬೇರೆ ಹೆಸರು ಕೊಡಲಾಯಿತು. ಅವರಲ್ಲೊಬ್ಬ ಬ್ರಿಟಿಷ್ ನೌಕಾಪಡೆ ಸೇರಿ, ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಜರ್ಮನ್ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಮೌಂಟ್‌ಬ್ಯಾಟನ್ ಆದ. ಭಾರತದ ಕೊನೆಯ ವೈಸರಾಯ್ ಲಾರ್ಡ್ ಮೌಂಟ್‌ಬ್ಯಾಟನ್ ಅವನ ಮಗ. ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಕೂಡ 1900ರ ಜೂನ್ 28ರಂದು, ತನಗೆ ಹುಟ್ಟುವ ಮಕ್ಕಳಿಗೆ ಪಟ್ಟದ ಹಕ್ಕಿಲ್ಲವೆಂದು ಪ್ರಮಾಣ ಮಾಡಿ, ಆ ಬಳಿಕ ಸೋಫಿಯನ್ನು ಮದುವೆಯಾದ. ಪ್ರಮಾಣ ಮಾಡಿ ಸರಿಯಾಗಿ ಹದಿನಾಲ್ಕು ವರ್ಷಗಳ ನಂತರ, ಅದೇ ಜೂನ್ 28ರಂದು, ಸರಯೇವೊದಲ್ಲಿ ಆ ದಂಪತಿಗಳ ಕೊಲೆಯಾಗಿ ಮಹಾಯುದ್ಧಕ್ಕೆ ದಾರಿಯಾಯಿತು.

ಸಮಾನ ಅಂತಸ್ತಿನ ಈ ನಿಯಮದಿಂದ ಪುಟ್ಟ ಸಂಸ್ಥಾನಗಳಿಗೆ ಲಾಭವೂ ಆಯಿತು. ಎಷ್ಟೇ ಚಿಕ್ಕದಾದರೂ ಆಳುವ ಮನೆ ಆಳುವ ಮನೆಯೇ. ಯುರೋಪಿನ ಯಾವ ದೊಡ್ಡ ಅರಮನೆಗೂ ಅಲ್ಲಿಂದ ವಧೂವರರನ್ನು ತರಬಹುದು. ಹಾಗೆಂದೇ ಆನ್‌ಹಾಲ್ಟ್-ಸೆರ್ಬ್‌ಸ್ಟ್ ಎಂಬ ಸಣ್ಣ ಸಂಸ್ಥಾನದ ಹುಡುಗಿ 1762ರಲ್ಲಿ ರಷ್ಯದ ಮಹಾರಾಣಿ ಕ್ಯಾಥರೀನ್ ಆದಳು. ಪಾಲಾಗಿ ಪಾಲಾಗಿ ಸಣ್ಣದಾಗಿದ್ದ ಕೋಬರ್ಗಿನಿಂದ ಲಿಯೊಪೋಲ್ಡ್ 1831ರಲ್ಲಿ ಬೆಲ್ಜಿಯಂನ ದೊರೆಯಾದ. ಆಲ್ಬರ್ಟ್ 1840ರಲ್ಲಿ ವಿಕ್ಟೋರಿಯಾ ರಾಣಿಯನ್ನು ಮದುವೆಯಾದ. ಇವರ ಮನೆತನದ ಹೆಸರನ್ನೇ ಬ್ರಿಟನ್ನಿನ ಐದನೆಯ ಜಾರ್ಜ್ 1917ರಲ್ಲಿ ವಿಂಡ್ಸರ್ ಎಂದು ಬದಲಾಯಿಸಿದ.

ಅರಸರಿಲ್ಲದ ನಾಡು

1803 ಮತ್ತು 1806ರಲ್ಲಿ ನೆಪೋಲಿಯನ್ನನ ಒತ್ತಡದಿಂದ ಬಿಷಪ್ಪರ ಸಂಸ್ಥಾನಗಳೂ ನೂರಾರು ಸಣ್ಣ ಒಡೆತನಗಳೂ ದೊಡ್ಡವರ ಹೊಟ್ಟೆಗೆ ಹೋದವು. ಚಕ್ರಾಧಿಪತ್ಯವೇ ಕೊನೆಗೊಂಡಿತು. ಆಳ್ವಿಕೆ ಕಳೆದುಕೊಂಡವರಿಗೆ ಆಸ್ತಿ ಮತ್ತು ಮದುವೆಯ ಸಮಾನ ಅಂತಸ್ತು ಮಾತ್ರ ಉಳಿದವು. 1871ರ ಜನವರಿ 18ರಂದು ವರ್ಸೈ ಅರಮನೆಯಲ್ಲಿ ಪ್ರಷ್ಯದ ದೊರೆ ಜರ್ಮನ್ ಚಕ್ರವರ್ತಿಯೆಂದು ಘೋಷಿತನಾದ. ಆಗಲೂ ಆ ಒಕ್ಕೂಟದಲ್ಲಿ 25 ರಾಜ್ಯಗಳಿದ್ದವು: ನಾಲ್ಕು ರಾಜರದು, ಆರು ಗ್ರ್ಯಾಂಡ್ ಡ್ಯೂಕರದು, ಐದು ಡ್ಯೂಕರದು, ಏಳು ಪ್ರಿನ್ಸ್‌ಗಳದು, ಮೂರು ಸ್ವತಂತ್ರ ನಗರಗಳು.

1918ರ ನವೆಂಬರಿನಲ್ಲಿ ಯುದ್ಧದ ಸೋಲು, ಹಸಿವು, ದಂಗೆಗಳ ನಡುವೆ ಇಪ್ಪತ್ತೆರಡು ಸಿಂಹಾಸನಗಳೂ ಕೆಲವೇ ವಾರಗಳಲ್ಲಿ ಉರುಳಿದವು. ಎಂಟು ಶತಮಾನಗಳ ಕಾಲ ಬೇರೂರಿದ್ದ ಮನೆತನಗಳನ್ನು ಉಳಿಸಲು ಬೀದಿಗಿಳಿದವರು ಬಹಳ ಕಡಿಮೆ. 1919ರ ವೈಮಾರ್ ಸಂವಿಧಾನ ಬಿರುದುಗಳನ್ನು ಹೆಸರಿನ ಭಾಗವಾಗಿ ಮಾತ್ರ ಉಳಿಸಿತು, ಹೊಸದಾಗಿ ಕೊಡಬಾರದೆಂದಿತು. ಆಸ್ಟ್ರಿಯ ಅದೇ ವರ್ಷ ಅವನ್ನು ಪೂರ್ತಿ ತೆಗೆದುಹಾಕಿತು. ಆಸ್ಟ್ರಿಯದ ಕೊನೆಯ ಚಕ್ರವರ್ತಿಯ ಮಗ ಆಟೊ, ಜರ್ಮನಿಯಲ್ಲಿ ‘ಫಾನ್ ಹ್ಯಾಬ್ಸ್‌ಬರ್ಗ್’ ಎಂಬ ಹೆಸರಿನಿಂದ 1979ರಿಂದ 1999ರವರೆಗೆ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಚುನಾಯಿತ ಸದಸ್ಯರಾಗಿದ್ದರು.

ಆಸ್ತಿಯ ಪ್ರಶ್ನೆ ಮಾತ್ರ ಸುಲಭವಾಗಿ ಮುಗಿಯಲಿಲ್ಲ. ಅರಮನೆ, ಕಾಡು, ಚಿತ್ರಸಂಗ್ರಹಗಳು ಮನೆತನದ ಸ್ವಂತದ್ದೋ, ನಾಡಿನದೋ? ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು 1926ರಲ್ಲಿ ನಡೆದ ಜನಮತಗಣನೆಯಲ್ಲಿ ಸುಮಾರು 1.45 ಕೋಟಿ ಜನ ಒಪ್ಪಿಗೆ ಕೊಟ್ಟರೂ ಬೇಕಾದ ಸಂಖ್ಯೆ ಮುಟ್ಟಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ವಲಯದಲ್ಲಿ ಕಳೆದುಕೊಂಡ ಆಸ್ತಿಗಾಗಿ ಹೊಹೆನ್‌ಜೊಲರ್ನ್ ಮನೆತನ ಹೂಡಿದ್ದ ದಾವೆಗಳನ್ನು ಅದು ಹಿಂತೆಗೆದುಕೊಂಡದ್ದು 2023ರಲ್ಲಿ. ನಾತ್ಸಿಗಳಿಗೆ ಗಣನೀಯವಾಗಿ ನೆರವಾದವರಿಗೆ ಪರಿಹಾರವಿಲ್ಲ ಎಂಬ ಕಾನೂನು ಅಲ್ಲಿದೆ; ಕೊನೆಯ ಯುವರಾಜನ ನಡತೆ ಹೇಗಿತ್ತು ಎಂಬುದೇ ವಿವಾದದ ಕೇಂದ್ರವಾಗಿತ್ತು.

ಈ ದೀರ್ಘ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಜ್ಯೇಷ್ಠಾಧಿಕಾರವನ್ನು ತಂದ ಅರಸರು ಮನೆತನದ ಬಲಕ್ಕಾಗಿ ಅದನ್ನು ತಂದರು. ಆದರೆ ಮಕ್ಕಳಿಗೂ ಹಂಚಲಾಗದ್ದು ಬರೀ ಆಸ್ತಿಯಾಗಿ ಉಳಿಯುವುದಿಲ್ಲ. ಅರಸ ಸತ್ತರೂ ಒಡೆಯದೆ ನಿಲ್ಲುವ ನಾಡು, ನಿಧಾನವಾಗಿ ಅರಸನಿಗಿಂತ ದೊಡ್ಡದಾಯಿತು. ಅದಕ್ಕೆ ತನ್ನದೇ ಕಚೇರಿ, ಕಾನೂನು, ನ್ಯಾಯಾಲಯ, ಶಾಲೆಗಳು ಬಂದವು. 1918ರಲ್ಲಿ ಅರಸರು ಹೊರಟಾಗ ನಾಡುಗಳು ಕುಸಿಯಲಿಲ್ಲ. ಅಂಚೆ ಬಟವಾಡೆಯಾಗುತ್ತಿತ್ತು, ಶಾಲೆಗಳು ನಡೆಯುತ್ತಿದ್ದವು.

ಇನ್ನು ಏಳು ಮಕ್ಕಳು ಹಂಚಿಕೊಂಡಿದ್ದ ಆ ಹಳೆಯ ಸೀಮೆಗಳ ಗತಿ? ವೈಮಾರ್, ಗೋಥಾ, ಮೈನಿಂಗೆನ್, ರಾಯ್ಸ್ ಮೊದಲಾದವು 1920ರಲ್ಲಿ ಒಂದುಗೂಡಿ ಥುರಿಂಗಿಯ ರಾಜ್ಯವಾದವು. ಕೋಬರ್ಗ್ ಮಾತ್ರ ಸೇರಲಿಲ್ಲ. ಅಲ್ಲಿ 1919ರ ನವೆಂಬರ್ 30ರಂದು ಜನರ ಮತ ಕೇಳಲಾಯಿತು. ಬಹುದೊಡ್ಡ ಬಹುಮತದಿಂದ ಅವರು ಥುರಿಂಗಿಯ ಬೇಡವೆಂದರು. ಮರುವರ್ಷ ಬವೇರಿಯವನ್ನು ಸೇರಿದರು. 1826ರಿಂದ ಒಬ್ಬನೇ ಡ್ಯೂಕ್‌ನ ಕೆಳಗಿದ್ದ ಕೋಬರ್ಗ್ ಮತ್ತು ಗೋಥಾ ಹೀಗೆ ಬೇರೆಯಾದವು. ಇದೂ ಒಂದು ಪಾಲೇ. ಆದರೆ ಈ ಸಲ ಪಾಲುಪತ್ರಕ್ಕೆ ರುಜು ಹಾಕಿದವರು ಆ ನೆಲದಲ್ಲಿ ಬದುಕುತ್ತಿದ್ದ ಜನ.